ಇಳಿದು ಬಂದಿದ್ದು ಯಾರು, ಇಳಿದು ಬಂದಿದ್ದು ಏನು

"ನಿಮ್ಮ ಕೃಷ್ಣನಿಗೆ ನಿಜವಾಗ್ಲೂ ಹಸಿವಾಗ್ತಿತ್ತಾ?" ಗೆಳತಿಯೊಬ್ಬಳು ಒಮ್ಮೆ ಕೇಳಿದ್ದಳು. ಐದು ಹೊತ್ತು ನಮಾಜ್ ಮಾಡುವವಳು. ಕೆಣಕುವುದು ಅವಳ ಉದ್ದೇಶ ಆಗಿರಲಿಲ್ಲ, ತಿಳಿಯಬೇಕು ಅಂತಲೇ ಕೇಳಿದ್ದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಗೀತೆಯನ್ನೂ ಕುರ್‌ಆನಿನ ಕನ್ನಡ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ.

ದೇವರು ಮನುಷ್ಯನಾಗಿ ಬರುತ್ತಾನಾ ಅಂತ ವಾದ ಶುರುವಾದರೆ ಎರಡು ಮಾತು ತಪ್ಪದೆ ಬರುತ್ತವೆ. "ಯಂತ್ರ ಮಾಡಿದವನು ಯಂತ್ರದ ಕಷ್ಟ ತಿಳಿಯೋಕೆ ತಾನೇ ಯಂತ್ರ ಆಗಬೇಕಾ?" ಅಂತ ಒಬ್ಬರು. "ದೇವರಿಗೆ ಎಲ್ಲ ಸಾಧ್ಯ ಅಂದಮೇಲೆ ಮನುಷ್ಯ ಆಗೋದು ಯಾಕೆ ಸಾಧ್ಯವಿಲ್ಲ?" ಅಂತ ಇನ್ನೊಬ್ಬರು. ಇಬ್ಬರೂ ಎದುರಿನವರ ನಂಬಿಕೆಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ.

ಮನುಷ್ಯರ ಕಷ್ಟ ತಿಳಿದುಕೊಳ್ಳಲು ದೇವರು ಅವತಾರ ಎತ್ತಿದ ಅಂತ ಗೀತೆ ಹೇಳುವುದಿಲ್ಲ. ಧರ್ಮ ಸೊರಗಿದಾಗ, ಒಳ್ಳೆಯವರನ್ನು ಕಾಯಲು ಬರುತ್ತೇನೆ ಅನ್ನುತ್ತಾನೆ ಕೃಷ್ಣ, 4ನೇ ಅಧ್ಯಾಯದಲ್ಲಿ. ಅದಕ್ಕೂ ಮೊದಲೇ, ನನಗೆ ಹುಟ್ಟಿಲ್ಲ, ಅಳಿವಿಲ್ಲ, ಆದರೂ ನನ್ನ ಮಾಯೆಯಿಂದ ಕಾಣಿಸಿಕೊಳ್ಳುತ್ತೇನೆ ಅಂತ ಹೇಳಿಬಿಟ್ಟಿದ್ದಾನೆ. ಮಧ್ವಾಚಾರ್ಯರಂತೂ ಅವತಾರದ ದೇಹ ನಮ್ಮ ಹಾಗೆ ಮಣ್ಣುನೀರಿನದ್ದಲ್ಲ, ಮೂಲರೂಪಕ್ಕೂ ಅವತಾರಕ್ಕೂ ಎಳ್ಳಷ್ಟೂ ಭೇದವಿಲ್ಲ ಎಂದರು.

ಇನ್ನು ಇಸ್ಲಾಮಿನಲ್ಲಿ ಇದು ದೇವರ ಶಕ್ತಿಯ ಪ್ರಶ್ನೆಯೇ ಅಲ್ಲ. ಕುರ್‌ಆನಿನ 112ನೇ ಅಧ್ಯಾಯದಲ್ಲಿ ಇರುವುದೇ 4 ವಚನ. ಅವನೊಬ್ಬನೇ. ಯಾರ ಹಂಗೂ ಇಲ್ಲದವನು. ಹೆತ್ತವನೂ ಅಲ್ಲ, ಹುಟ್ಟಿದವನೂ ಅಲ್ಲ. ಅವನಿಗೆ ಸಮಾನರಿಲ್ಲ. ಹುಟ್ಟು, ಹಸಿವು, ಸಾವು ಇರುವುದು ಸೃಷ್ಟಿಗೆ. ಆ ಗೆರೆ ಅಳಿಸಿದರೆ ತೌಹೀದ್, ಅಂದರೆ ದೇವರು ಒಬ್ಬನೇ ಎಂಬ ನಂಬಿಕೆ, ಉಳಿಯುವುದಿಲ್ಲ.

ಗೆಳತಿಯ ಪ್ರಶ್ನೆ ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಕುರ್‌ಆನಿನ 5ನೇ ಅಧ್ಯಾಯ ಓದುವಾಗ. ಈಸಾ (ಯೇಸು) ಮತ್ತು ಅವರ ತಾಯಿ ಮರ್ಯಮ್ ಬಗ್ಗೆ ಅಲ್ಲಿ ಒಂದು ಪುಟ್ಟ ಮಾತಿದೆ: ಅವರಿಬ್ಬರೂ ಊಟ ಮಾಡುತ್ತಿದ್ದರು. ಊಟ ಬೇಕಾಗುವವರು ದೇವರು ಹೇಗಾದಾರು ಎಂಬುದು ತಾತ್ಪರ್ಯ. ಪ್ರವಾದಿ ಮುಹಮ್ಮದರನ್ನೂ ಜನ ಆಡಿಕೊಂಡಿದ್ದರು. ಇವರು ಎಂಥ ದೂತರು, ಊಟ ಮಾಡುತ್ತಾರೆ, ಸಂತೆಯಲ್ಲಿ ಓಡಾಡುತ್ತಾರೆ ಅಂತ. ಕುರ್‌ಆನ್ ಅದನ್ನು ಮುಚ್ಚಿಡುವುದಿಲ್ಲ, ಹಿಂದಿನ ದೂತರೂ ಹಾಗೇ ಇದ್ದರು ಅನ್ನುತ್ತದೆ. 632ರಲ್ಲಿ ಪ್ರವಾದಿ ತೀರಿಕೊಂಡ ದಿನ ಅವರ ಆಪ್ತ ಒಡನಾಡಿ ಅಬೂಬಕ್ಕರ್ ಜನರ ಮುಂದೆ ನಿಂತು ಹೇಳಿದರು: ಮುಹಮ್ಮದರನ್ನು ಆರಾಧಿಸುತ್ತಿದ್ದವರು ತಿಳಿಯಲಿ, ಮುಹಮ್ಮದರು ಸತ್ತರು, ಅಲ್ಲಾಹನನ್ನು ಆರಾಧಿಸುವವರು ತಿಳಿಯಲಿ, ಅವನಿಗೆ ಸಾವಿಲ್ಲ. ಜೀವಕ್ಕಿಂತ ಜಾಸ್ತಿ ಪ್ರೀತಿಸಿದವರನ್ನು ಕಳೆದುಕೊಂಡ ಹೊತ್ತಲ್ಲಿ ಇಂಥ ಮಾತು! ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಈಗ ಬೆಣ್ಣೆ ಕದ್ದ ಕೃಷ್ಣನನ್ನು ನೋಡಿ. ಯಶೋದೆ ಕಟ್ಟಿಹಾಕಲು ಹೋದರೆ ಎಷ್ಟು ಹಗ್ಗ ತಂದರೂ ಎರಡು ಬೆರಳಷ್ಟು ಸಾಲುವುದಿಲ್ಲ. ಅವಳು ಬೆವತು, ಜಡೆ ಬಿಚ್ಚಿ, ಸುಸ್ತಾಗಿ ನಿಂತಾಗ ಮಗು ತಾನಾಗಿಯೇ ಕಟ್ಟಿಸಿಕೊಳ್ಳುತ್ತದೆ. ಅವಳಿಗೆ ಅದು ತನ್ನ ತುಂಟ ಮಗ, ಅಷ್ಟೇ. ದೇವರು ಇಷ್ಟು ಹತ್ತಿರ ಬಂದನಲ್ಲ ಅಂತ ಭಕ್ತನ ಕಣ್ಣು ತುಂಬುವುದೇ ಇಲ್ಲಿ. ತಿನ್ನುವುದು ಎರಡೂ ಕಡೆ ಒಂದೇ. ಅಲ್ಲಿ ಅದು ಮನುಷ್ಯತ್ವಕ್ಕೆ ಸಾಕ್ಷಿ, ಇಲ್ಲಿ ದೇವರ ಕರುಣೆಗೆ ಸಾಕ್ಷಿ. ಎಲ್ಲ ಧರ್ಮ ಹೇಳೋದೂ ಒಂದೇ ಅಂತ ಸುಮ್ನೆ ತೇಲಿಸಿಬಿಟ್ಟರೆ ಇಬ್ಬರಿಗೂ ಅನ್ಯಾಯ ಆಗುತ್ತದೆ, ಅಲ್ವಾ?

ಹಿಂದೂಗಳೆಲ್ಲರೂ ಅವತಾರ ಒಪ್ಪುತ್ತಾರೆ ಅಂತಲೂ ಅಲ್ಲ. 1875ರಲ್ಲಿ ಆರ್ಯ ಸಮಾಜ ಕಟ್ಟಿದ ದಯಾನಂದ ಸರಸ್ವತಿ ಒಪ್ಪಲಿಲ್ಲ. ವಾಲ್ಮೀಕಿಯ ರಾಮ ಕೂಡ ದೇವತೆಗಳ ಎದುರು, ನಾನು ಮನುಷ್ಯ, ದಶರಥನ ಮಗ ರಾಮ ಅಂತಲೇ ತಿಳಿದಿದ್ದೇನೆ ಅನ್ನುತ್ತಾನೆ. ಹಾಗೆಯೇ ಇಸ್ಲಾಮಿನ ದೇವರು ದೂರದವನು ಅನ್ನುವುದೂ ತಪ್ಪು. ಕೊರಳ ನರಕ್ಕಿಂತ ಹತ್ತಿರ ಇದ್ದೇನೆ ಅನ್ನುತ್ತಾನೆ ಅವನು.

ಅವತಾರ ಅಂದರೆ ಇಳಿದು ಬರುವುದು. ಕುರ್‌ಆನ್ ಬಂದ ಬಗೆಗೆ ಅರಬ್ಬಿಯಲ್ಲಿ ತನ್‌ಝೀಲ್ ಅನ್ನುತ್ತಾರೆ. ಅದರ ಅರ್ಥವೂ ಇಳಿಸುವುದು. ಇಲ್ಲಿ ದೇವರೇ ಇಳಿದ, ಅಲ್ಲಿ ಅವನ ಮಾತು ಇಳಿಯಿತು. ಇದು ಗೊತ್ತಾದ ದಿನ ಗೆಳತಿಗೆ ಫೋನ್ ಮಾಡಿದೆ. ಆಗ ಅವಳು ಪ್ರವಾದಿ ಮೂಸಾ (ಬೈಬಲ್ಲಿನ ಮೋಶೆ) ಅವರ ಕಥೆ ಹೇಳಿದಳು. ದೇವರೇ, ನಿನ್ನನ್ನು ನೋಡಬೇಕು ಅಂತ ಮೂಸಾ ಬೇಡುತ್ತಾರೆ. ನನ್ನನ್ನು ನೋಡಲಾರೆ, ಆ ಬೆಟ್ಟವನ್ನು ನೋಡು ಅನ್ನುತ್ತಾನೆ ದೇವರು. ಅವನ ಪ್ರಕಾಶ ತಾಗಿ ಬೆಟ್ಟ ಪುಡಿಪುಡಿ. ಮೂಸಾ ಮೂರ್ಛೆ ಹೋಗುತ್ತಾರೆ. ಎಚ್ಚರವಾದ ಮೇಲೆ ಅವರಿಗೆ ಸಿಗುವುದು ದೇವರ ಮಾತು ಬರೆದ ಹಲಗೆಗಳು.

ನಾನು ಅರ್ಜುನನ ಕಥೆ ಹೇಳಿದೆ. ಅವನೂ ಕೃಷ್ಣನ ವಿಶ್ವರೂಪ ನೋಡಬೇಕು ಅಂದ, ನೋಡಿದ, ನಡುಗಿದ. ಗೆಳೆಯ ಅಂದುಕೊಂಡು ಹೇ ಕೃಷ್ಣಾ, ಹೇ ಯಾದವಾ ಅಂತ ಸಲಿಗೆಯಿಂದ ಕರೆದುಬಿಟ್ಟೆ, ಕ್ಷಮಿಸು ಅಂದ. ಮೊದಲಿನ ರೂಪವನ್ನೇ ತೋರಿಸು ಅಂತ ಬೇಡಿಕೊಂಡ. ಕೃಷ್ಣ ಮತ್ತೆ ಮನುಷ್ಯನಾಗಿ ನಿಂತಾಗಲೇ ಅವನ ಜೀವಕ್ಕೆ ಸಮಾಧಾನವಾಗಿದ್ದು.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಕ್ಷಮಿಸು ಅಂದಿದ್ದಕ್ಕೆ ಕೃಷ್ಣ ಏನಂದ?" ಹೆದರಬೇಡ ಅಂದ ಅಂತ ಹೇಳಿದೆ.