ಕಾರಟಗಿಯಿಂದ ಯಾವ ಬಸ್ಸು ಹತ್ತಬೇಕು?

ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತಲಿನ ಹಳ್ಳಿಯವರು ತಜ್ಞ ವೈದ್ಯರಿಗೆ ತೋರಿಸಬೇಕಾದಾಗ ಒಂದೋ ಸಿಂಧನೂರಿನ ಬಸ್ಸು ಹತ್ತುತ್ತಾರೆ, ಇಲ್ಲವೇ ಗಂಗಾವತಿಯದು. ಸಿಂಧನೂರು ಹತ್ತಿರ, ಆದರೂ ಗಂಗಾವತಿಯ ಬಸ್ಸಿಗೆ ಕಾಯುವವರು ಕಡಿಮೆಯೇನಿಲ್ಲ. ಆಸ್ಪತ್ರೆ, ಕಚೇರಿಗಳನ್ನು ಎಲ್ಲಿ ತೆರೆಯಬೇಕೆಂದು ನಿರ್ಧರಿಸುವವರು ನಕ್ಷೆಯ ಮೇಲೆ ಕಿಲೋಮೀಟರ್ ಅಳೆಯುತ್ತಾರೆ. ಬರುವವರು ಲೆಕ್ಕ ಹಾಕುವುದು ಮನೆ ಬಿಟ್ಟಾಗಿನಿಂದ ಮರಳಿ ಮನೆ ಸೇರುವವರೆಗಿನ ಹೊತ್ತನ್ನು, ಮತ್ತು ಅದರಲ್ಲಿ ಪಾಳಿ ಹಚ್ಚಿ ಕಾಯುವುದರ ಪಾಲೇ ಹೆಚ್ಚು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಸ್ಪಷ್ಟವಾಗಿದೆ. ಮಹಿಳೆಯರಿಗೆ ಟಿಕೆಟ್ಟಿನ ಖರ್ಚಿಲ್ಲದಿರುವಾಗ (ಜೊತೆಗೆ ಬರುವ ಗಂಡಸಿನದು ಇದ್ದೇ ಇದೆ) ದೂರವೆಂದರೆ ಕಳೆದುಹೋಗುವ ಹೊತ್ತು ಮಾತ್ರ. ಭತ್ತದ ನಾಟಿಯ ದಿನಗಳಲ್ಲಿ ಆ ಹೊತ್ತಿಗೆ ಒಂದು ದಿನದ ಕೂಲಿಯ ಬೆಲೆಯಿದೆ.

ಪಾಳಿ ಹೇಗೆ ಬೆಳೆಯುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ಊಹಿಸುತ್ತೇವೆ. ಒಬ್ಬರಿಗೆ ಸರಾಸರಿ 10 ನಿಮಿಷ ಹಿಡಿಯುವ, ಜನ ಹೊತ್ತುಗೊತ್ತಿಲ್ಲದೆ ಬರುವ ಒಂದು ಕೌಂಟರ್ ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದು ಉಳಿದ ಹೊತ್ತು ಜನರಿಲ್ಲದೆ ಖಾಲಿಯಿದ್ದರೆ, ಬಂದವರು ಸರಾಸರಿ 20 ನಿಮಿಷದಲ್ಲಿ ಹೊರಬೀಳುತ್ತಾರೆ. ಅದೇ ಕೌಂಟರಿಗೆ ನೂರಕ್ಕೆ 90ರಷ್ಟು ಹೊತ್ತು ಕೆಲಸವಿದ್ದರೆ 100 ನಿಮಿಷ ಬೇಕು ಎನ್ನುತ್ತದೆ ಪಾಳಿಯ ಗಣಿತದ ಸರಳ ಸೂತ್ರ. ಆ ಜನರಲ್ಲಿ ಹತ್ತಕ್ಕೊಬ್ಬರು ಇನ್ನೊಂದು ಊರಿಗೆ ಹೋದರೂ ಸಾಕು, 100 ನಿಮಿಷ ಸುಮಾರು 53ಕ್ಕೆ ಇಳಿಯುತ್ತದೆ. ಹಾಗಾಗಿ ದೂರದ ಬಸ್ಸು ಹತ್ತಿದವರು ಹತ್ತಿರದಲ್ಲಿ ಉಳಿದವರಿಗೂ ಉಪಕಾರ ಮಾಡಿರುತ್ತಾರೆ. ಇದನ್ನು ಯಾರೂ ಅವರಿಗೆ ಹೇಳುವುದಿಲ್ಲ, ಅಷ್ಟೆ.

ಆದರೆ ಈ ಹಂಚಿಕೆ ತಾನಾಗಿಯೇ ಆಗಬೇಕಾದರೆ ಎರಡೂ ಕಡೆಯ ಗದ್ದಲ ಮೊದಲೇ ತಿಳಿದಿರಬೇಕು. ಪಾಳಿಗೆ ಸೇರುವ ನಿರ್ಧಾರದ ಕುರಿತು 1969ರಲ್ಲಿ ಹೆಸರಾಂತ ಪ್ರಬಂಧ ಬರೆದ ನಾವೋರ್ ಎಂಬ ಸಂಶೋಧಕರ ಲೆಕ್ಕದಲ್ಲಿ ಬರುವ ಗ್ರಾಹಕನು ಸಾಲಿನ ಉದ್ದವನ್ನು ಕಣ್ಣಾರೆ ಕಂಡು, ನಿಲ್ಲಬೇಕೋ ಹೊರಡಬೇಕೋ ಎಂದು ತೀರ್ಮಾನಿಸುತ್ತಾನೆ. ನಮ್ಮ ಹಳ್ಳಿಯವರಿಗೆ ಸಾಲು ಕಾಣುವುದು ಬಸ್ಸಿಳಿದ ಮೇಲೆ. ಅಷ್ಟು ದೂರ ಬಂದವರು ತಿರುಗಿ ಹೋಗುವುದಿಲ್ಲ, ಇನ್ನೊಂದು ಊರಿಗೆ ಹೋಗುವುದಂತೂ ದೂರದ ಮಾತು. ಅದಕ್ಕೇ ಹೊರಡುವ ಮುನ್ನ ಆ ಊರಿನಲ್ಲಿರುವ ಬೀಗರಿಗೋ ಪರಿಚಯದ ಆಟೋದವರಿಗೋ ಫೋನ್ ಮಾಡಿ, “ಗದ್ದಲ ಭಾಳ ಐತೇನ್ರೀ?” ಎಂದು ಕೇಳುವವರಿದ್ದಾರೆ. ಅಂಥ ಪರಿಚಯವಿಲ್ಲದವರು ಹೋದ ಸಲದ ಅನುಭವವನ್ನೇ ನಂಬುತ್ತಾರೆ. ಒಂದು ಸೋಮವಾರ ಸಂಜೆಯವರೆಗೆ ಕೂತವರು ಆ ಆಸ್ಪತ್ರೆಯ ಕಡೆ ವರ್ಷಗಟ್ಟಲೆ ಮುಖ ಹಾಕದಿರಬಹುದು.

ನನ್ನ ಅಭಿಪ್ರಾಯದಲ್ಲಿ ಹೊಸ ಕಟ್ಟಡಕ್ಕಿಂತ ಮೊದಲು ಬೇಕಿರುವುದು ಈ ಮಾಹಿತಿ. ಟೋಕನ್ ಕೊಡುವ ಕಡೆಗಳಲ್ಲೂ ಬರೀ ಅಂಕಿ ಇರುತ್ತದೆ. 64ನೆಯ ಟೋಕನ್ ಎಂದರೆ ಹನ್ನೊಂದು ಗಂಟೆಯೋ ಮೂರು ಗಂಟೆಯೋ ಎಂದು ಕೇಳಿದರೆ ಉತ್ತರವಿಲ್ಲ. ಈಗ ಎಷ್ಟನೆಯ ಟೋಕನ್ ನಡೆಯುತ್ತಿದೆ, ಹೊಸದಾಗಿ ಬಂದವರು ಸುಮಾರು ಎಷ್ಟು ಹೊತ್ತು ಕಾಯಬೇಕು ಎಂಬೆರಡನ್ನು ಫೋನಿನಲ್ಲಿ ಹೇಳಲು ಒಬ್ಬ ಸಿಬ್ಬಂದಿ ಸಾಕು, ಮತ್ತು ಆ ಫೋನ್ ಬೆಳಗಿನ ಮೊದಲ ಬಸ್ಸು ಹೊರಡುವ ಹೊತ್ತಿಗೇ ಎತ್ತುವಂತಿರಬೇಕು.