ಜೀರೋ ಬಿಲ್ ಬಂತು, ತಗಡಿನ ಸೆಕಿ ಮಾತ್ರ ಹಂಗೇ ಐತಿ

ನಿನ್ನೆ ಸಂಜಿಮುಂದ ಅಂಗಡಿಗೆ ಒಬ್ಬ ಅಜ್ಜಿ ಫ್ಯಾನ್ ಬಗಲಾಗ ಅವಚ್ಕೊಂಡು ಬಂದ್ಲು. ಈ ಬ್ಯಾಸಗ್ಯಾಗ ಅದೇ ಫ್ಯಾನು ಮೂರನೇ ಸಲ. ಮೊದಲ್ನೇ ಸಲ ಕಂಡೆನ್ಸರ್ ಹಾಕಿ ಕೊಟ್ಟೆ, ಎರಡ್ನೇ ಸಲ ಬೇರಿಂಗ್ ಹೋಗಿತ್ತು, ಈ ಸಲ ಪೂರ್ತಿ ವೈಂಡಿಂಗೇ, ಅಂದ್ರ ಮೋಟರಿನ ತಂತಿ ಸುತ್ತೇ, ಸುಟ್ಟು ವಾಸನಿ ಹೊಡೀತಿತ್ತು. ಏನ್ ಯವ್ವಾ ಇದನ್ನ ಬಂದ್ ಮಾಡೋದೇ ಇಲ್ಲೇನು ಅಂದೆ. "ಬಂದ್ ಮಾಡಿದ್ರ ಒಳಗ ಕುಂದ್ರಾಕ ಆಗಂಗಿಲ್ಲ ತಮ್ಮಾ, ತಗಡಿನ ಮನಿ. ಬಿಲ್ಲು ಸೊನ್ನಿ ಬರ್ತೈತಿ, ಕೊಟ್ಟವ್ರಿಗೆ ಪುಣ್ಯ ಬರ್ಲಿ, ಆದ್ರ ಕಣ್ಣಿಗೆ ನಿದ್ದಿ ಇಲ್ಲ ನೋಡು" ಅಂದ್ಲು. ರಾತ್ರಿ ಮಕ್ಕೊಂಡಾಗೂ ಆ ಮಾತೇ ತಲ್ಯಾಗ ತಿರುಗ್ತಿತ್ತು, ಅದಕ್ಕ ಇದನ್ನ ಬರೀಲಾಕ್ಹತ್ತೀನಿ, ಉದ್ದ ಆಗ್ತೈತಿ, ಪುರಸೊತ್ತಿದ್ದಾಗ ಓದ್ರಿ.

ನಾ ರಾಯಚೂರಾಗ 22 ವರ್ಷದಿಂದ ಮೋಟರು, ಫ್ಯಾನು, ಕೂಲರ್ ವೈಂಡಿಂಗ್ ಮಾಡ್ತೀನಿ. ಯಾರ ಮನ್ಯಾಗ ಎಂಥ ಫ್ಯಾನ್ ಐತಿ, ಎಷ್ಟು ಸಲ ಸುಟ್ಟೈತಿ ಅನ್ನೋದು ನನಗ ಗೊತ್ತಿರ್ತೈತಿ. ಹಿಂಗಾಗಿ ಕರೆಂಟ್ ವಿಷ್ಯದಾಗ ನಾಕು ಮಾತು ಹೇಳಾಕ ನನಗೂ ಹಕ್ಕೈತಿ ಅನ್ಕೊಂಡೀನಿ.

ಮೊದ್ಲೇ ಹೇಳಿಬಿಡ್ತೀನಿ, ಗೃಹಜ್ಯೋತಿಯ ಪುಕ್ಕಟೆ ಕರೆಂಟಿಗೆ ನಾ ವಿರೋಧ ಇಲ್ಲ. 2023ರ ಆಗಸ್ಟ್ 5ಕ್ಕ ಕಲಬುರಗ್ಯಾಗ ಅದು ಶುರುವಾದಾಗ ನಮ್ಮ ಓಣ್ಯಾಗ ಎಷ್ಟು ಮಂದಿ ನಿರುಮ್ಮಳ ಆದ್ರು ಅನ್ನೋದನ್ನ ನಾ ಕಣ್ಣಾರೆ ನೋಡೀನಿ. ಬಿಲ್ ಕಟ್ಟಾಕಾಗದ ಫ್ಯೂಸ್ ಕಿತ್ಕೊಂಡು ಹೋದ ಮನ್ಯಾಗ ಹುಡುಗ್ರು ಚಿಮಣಿ ಬೆಳಕಿನ್ಯಾಗ ಓದಿದ್ದೂ ನೋಡೀನಿ. ಪುಕ್ಕಟೆ ಕೊಟ್ಟು ಮಂದೀನ ಸೋಮಾರಿ ಮಾಡ್ತಾರ ಅನ್ನೋರ ಮಾತು ನನಗ ಹಿಡಿಸಂಗಿಲ್ಲ. 43 ಡಿಗ್ರಿ ಬಿಸಿಲಾಗ ಫ್ಯಾನ್ ತಿರುಗ್ಸೋದು ಸೋಮಾರಿತನ ಅಲ್ರೀ, ಜೀವ ಉಳಿಸ್ಕೊಳ್ಳೋದು.

ನನ್ನ ತಕರಾರು ಬ್ಯಾರೆ. ಸರಕಾರ ಕರೆಂಟಿಗೆ ರೊಕ್ಕ ಕೊಡ್ತೈತಿ, ಆ ಕರೆಂಟ್ ತಿನ್ನೋ ಹಳೇ ಫ್ಯಾನಿಗೆ, ಕಾದ ತಗಡಿಗೆ, ಹರಕು ವೈರಿಂಗಿಗೆ ಒಂದು ರೂಪಾಯೀನೂ ಕೊಡಂಗಿಲ್ಲ. ಸೋರೋ ಕೊಡಕ್ಕ ದಿನಾ ನೀರು ಹೊಯ್ದಂಗ ಆಗೈತಿ ಇದು.

ಈಗ ಲೆಕ್ಕ ನೋಡ್ರಿ. 200 ಯೂನಿಟ್ ಫ್ರೀ ಅಂತ ಎಲ್ಲಾರೂ ಅಂತಾರ, ಆದ್ರ ಎಲ್ಲಾರಿಗೂ 200 ಇಲ್ಲ. 2022-23ರಾಗ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ರಿ, ಅದಕ್ಕ 10 ಪರ್ಸೆಂಟ್ ಸೇರ್ಸಿ ಅಷ್ಟೇ ನಿಮ್ಮ ಪಾಲು. 2024ರ ಜನವರ್ಯಾಗ ಒಂದು ಬದಲಾವಣಿ ಮಾಡಿದ್ರು, 48 ಯೂನಿಟ್ಟಿಗಿಂತ ಕಡಿಮಿ ಸರಾಸರಿ ಇದ್ದವ್ರಿಗೆ 10 ಪರ್ಸೆಂಟ್ ಬದ್ಲಿ 10 ಯೂನಿಟ್ ಸೇರ್ಸಿ ಕೊಡೋದಂತ. ಒಳ್ಳೇದೇ ಆತು. ಆದ್ರೂ ಅವಾಗ ಒಂದೇ ಫ್ಯಾನು, ಎರಡು ಬಲ್ಬು, ಒಂದು ಟಿವಿ ಇಟ್ಕೊಂಡು 42 ಯೂನಿಟ್ ಸುಟ್ಟ ಅಜ್ಜಿಗೆ ಇವತ್ತು 52 ಯೂನಿಟ್, ಮನ್ಯಾಗ ಫ್ರಿಜ್ಜು ಗೀಜರ್ ಎಲ್ಲಾ ಇಟ್ಕೊಂಡು 170 ಸುಟ್ಟವ್ರಿಗೆ 187. ಆ ವರ್ಷ ಯಾರು ಬಡವರಾಗಿದ್ರೋ ಅವ್ರ ಪಾಲು ಬಡತನದ ಲೆಕ್ಕದಾಗೇ ಗಟ್ಟಿ ಆಗಿ ಕುಂತುಬಿಡ್ತು. ಮಗ ದುಡದು ಅವ್ವಗ ಒಂದು ಕೂಲರ್ ತಂದುಕೊಟ್ಟ ಅಂತ ತಿಳ್ಕೊರಿ, 150 ವ್ಯಾಟಿಂದು, ದಿನಾ 10 ತಾಸು ಓಡಿದ್ರ ತಿಂಗಳಿಗೆ 45 ಯೂನಿಟ್. ಅಷ್ಟೂ ಪಾಲಿನ ಹೊರಗ, ಅದಕ್ಕ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ರೊಕ್ಕ ಕಟ್ಟಬೇಕು.

ಇನ್ನ ಬಾಡಿಗಿ ಮಂದಿ ಕತಿ. ಬಾಡಿಗಿದಾರರಿಗೂ ಸಿಗ್ತೈತಿ, ಅದು ಖರೆ. ಆಧಾರ್, ಆರ್‌ಆರ್ ನಂಬರ್ ಹಾಕಿ ಸೇವಾಸಿಂಧುದಾಗ ನೋಂದಣಿ ಮಾಡಿದ್ರ ಆತು, ಹಿಂದಿನ ಲೆಕ್ಕ ಇರದ ಹೊಸ ಮನಿಗೆ 53 ಯೂನಿಟ್ ಸರಾಸರಿ ಅಂತ ಹಿಡ್ಕೊಂಡು 58 ಕೊಡ್ತಾರ. ಆದ್ರ ಇದೆಲ್ಲಾ ಮನಿಗೊಂದು ಮೀಟರ್ ಇದ್ದವ್ರ ಮಾತು. ನಾವೇ ಮೊದಲು ಇದ್ದ ಮನ್ಯಾಗ ಮೂರು ಪೋರ್ಷನ್, ಮೂರಕ್ಕೂ ಸೇರಿ ಒಂದೇ ಮೀಟರ್. ಒಬ್ಬೊಬ್ರು 70-75 ಸುಟ್ರೂ ಮೂರು ಮನೀದು ಸೇರಿ 200 ದಾಟ್ತಿತ್ತು, ದಾಟಿದ್ರ ಪೂರ್ತಿ ಬಿಲ್ಲು, ಒಂದು ಯೂನಿಟ್ಟೂ ಮಾಫಿ ಇಲ್ಲ. ಬ್ಯಾರೆ ಮೀಟರ್ ಹಾಕ್ಸಿಕೊಡ್ರೀ ಅಂತ ಮಾಲಕರಿಗೆ ಕೇಳಿದ್ವಿ, ಡಿಪಾಸಿಟ್ ಯಾರು ಕಟ್ತಾರ, ನಾಳೆ ನೀವು ಬಿಟ್ಟು ಹೋಗ್ತೀರಿ ಅಂದ್ರು. ಎರಡು ಬ್ಯಾಸಗಿ ಹಂಗೇ ಬಿಲ್ ಕಟ್ಟೀವಿ. ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿ ಯಾವ ಊರಿಗಾದ್ರೂ ಹೋಗಿ ನೋಡ್ರಿ, ಹಮಾಲಿ ಮಾಡೋರು, ರೈಸ್ ಮಿಲ್ಲಿಗೆ ಹೋಗೋರು, ಗಾರೆ ಕೆಲಸದವ್ರು ಇರೋದು ಇಂಥ ವಠಾರದಾಗೇ. ಅರ್ಹತಾ ಪಟ್ಟ್ಯಾಗ ಮೊದಲು ಇರಬೇಕಾದವ್ರು ಇವ್ರೇ, ಆದ್ರ ಮೀಟರಿನ ಲೆಕ್ಕದಾಗ ಇವ್ರು ಕಾಣಂಗೇ ಇಲ್ಲ.

ಈಗ ನನ್ನ ಕಸಬಿಗೆ ಬರ್ತೀನಿ. ಅಜ್ಜಿ ತಂದಂಥ ಹಳೇ ಫ್ಯಾನು 75 ವ್ಯಾಟ್ ಎಳೀತೈತಿ. ಎರಡು ಮೂರು ಸಲ ವೈಂಡಿಂಗ್ ಆದದ್ದು ಇನ್ನೂ ಜಾಸ್ತಿ ಎಳೀಬಹುದು, ಯಾಕಂದ್ರ ತಂತಿ ಗೇಜು, ಸುತ್ತು ಎರಡೂ ಮೊದ್ಲಿನಂಗೇ ಹಾಕೋರು ಕಡಿಮಿ. ಮ್ಯಾಲ ಗ್ವಾಡಿಗೆ ಆ ದಪ್ಪ ಡಬ್ಬಿ ರೆಗ್ಯುಲೇಟರ್ ಬ್ಯಾರೆ, ಫ್ಯಾನ್ ಸಣ್ಣಗ ಇಟ್ರ ಉಳಿದ ಕರೆಂಟ್ ಅದರಾಗ ಬಿಸಿ ಆಗಿ ಹೋಗ್ತೈತಿ, ಕೈ ಇಟ್ಟು ನೋಡ್ರಿ ಸುಡ್ತಿರ್ತೈತಿ. ಈಗ ಬಂದಿರೋ ಬಿಎಲ್‌ಡಿಸಿ ಅನ್ನೋ ಹೊಸ ನಮೂನಿ ಮೋಟರಿನ ಫ್ಯಾನು ಅಷ್ಟೇ ಗಾಳಿಗೆ 28-35 ವ್ಯಾಟ್ ತಗೊಂತೈತಿ. ಬ್ಯಾಸಗ್ಯಾಗ ದಿನಕ್ಕ 20 ತಾಸು ಅಂದ್ರ ಹಳೇದು ತಿಂಗಳಿಗೆ 45 ಯೂನಿಟ್, ಹೊಸಾದು 30 ವ್ಯಾಟಿಂದು 18. ಅಂದ್ರ ಅಜ್ಜಿಯ 52 ಯೂನಿಟ್ಟಿನ್ಯಾಗ ಈಗ ಒಂದು ಫ್ಯಾನಷ್ಟೇ ತಿರುಗ್ತೈತಿ, ಅದೇ 52ರಾಗ ಹೊಸಾವು ಎರಡು ತಿರುಗಿ ಮ್ಯಾಲ ಮೊಮ್ಮಕ್ಕಳು ಓದೋ ಲೈಟಿಗೂ ಉಳೀತೈತಿ. ಸರಕಾರದ ಲೆಕ್ಕಾನೂ ನೋಡ್ರಿ, ಒಂದು ಫ್ಯಾನಿಗೆ 27 ಯೂನಿಟ್ ಉಳಿದ್ರ ತಿಂಗಳಿಗೆ 150 ರೂಪಾಯಿ ಮ್ಯಾಲ ಸಬ್ಸಿಡಿ ಉಳೀತು, ಚಳಿಗಾಲ ಬಿಟ್ರೂ ಎರಡು ಮೂರು ವರ್ಷದಾಗ ಆ ಫ್ಯಾನಿನ ರೊಕ್ಕ ವಾಪಸ್ ಬಂತು. ಹೆಂಗೂ ಕೊಡೋ ರೊಕ್ಕಾನೇ ಅದು, ಸುಟ್ಟು ಹೋಗೋ ಕರೆಂಟಿಗೆ ಕೊಡೋ ಬದ್ಲಿ ಫ್ಯಾನಿಗೆ ಕೊಡ್ರಿ ಅಂತೀನಿ ನಾನು.

ಇದೇನು ಆಗದ ಕೆಲಸ ಅಲ್ಲ, ಬಲ್ಬಿನಾಗ ಮಾಡಿ ತೋರ್ಸ್ಯಾರ. 2015ರಾಗ ಉಜಾಲಾ ಅಂತ ಬಂತಲ್ಲ, ನಮ್ಮಲ್ಲಿ ಹೊಸ ಬೆಳಕು ಅಂತ ಹೆಸರಿಟ್ಟು ಕೊಟ್ರಲ್ಲ, 9 ವ್ಯಾಟಿನ ಎಲ್‌ಇಡಿ. ದೇಶದಾಗ 36 ಕೋಟಿಗಿಂತ ಜಾಸ್ತಿ ಬಲ್ಬ್ ಹಂಚಿದ್ರು. ಅದಕ್ಕಿಂತ ಮೊದ್ಲು ಎಲ್ಲಾರ ಮನ್ಯಾಗೂ 60 ವ್ಯಾಟಿನ ಹಳದಿ ಬಲ್ಬು, ಈಗ ಹುಡುಕಿದ್ರೂ ಸಿಗಂಗಿಲ್ಲ. ಯಾರ ಆದಾಯಾನೂ ಕೇಳಲಿಲ್ಲ, ಕರೆಂಟ್ ಬಿಲ್ ತೋರ್ಸು, ಕಡಿಮಿ ರೇಟಿಗೆ ಬಲ್ಬ್ ಒಯ್ಯಿ, ಅಷ್ಟೇ. ಫ್ಯಾನಿಗೂ 2023ರ ಜನವರಿಯಿಂದ, ಎಷ್ಟು ಕರೆಂಟ್ ಉಳಸ್ತೈತಿ ಅಂತ ತೋರ್ಸೋ ಸ್ಟಾರ್ ಚೀಟಿ ಕಡ್ಡಾಯ ಮಾಡ್ಯಾರ, ಖರೆ, ಆದ್ರ ಅದು ಹೊಸ ಫ್ಯಾನ್ ಕೊಳ್ಳೋರಿಗೆ. ನನ್ನ ಅಂಗಡಿಗೆ ಬರೋರು ಹೊಸಾದು ಕೊಳ್ಳಾಕ ಆಗದವ್ರು.

ಸೋಲಾರ್ ಹಾಕ್ಸಿಕೊರಿ ಅಂತ ಹೇಳೋರೂ ಅದಾರ. ಪಿಎಂ ಸೂರ್ಯಘರ್ 2024ರ ಫೆಬ್ರವರ್ಯಾಗ ಬಂತು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ, ಯೋಜನಾ ಚೊಲೋನೇ ಐತಿ. ಆದ್ರ ಸ್ವಂತ ಮನಿ ಬೇಕು, ಪ್ಯಾನಲ್ ಹೊರೋವಂಥ ಗಟ್ಟಿ ಛಾವಣಿ ಬೇಕು, ಸಬ್ಸಿಡಿ ಬರೋತನಕ ಕೈಯಿಂದ ಹಾಕಾಕ ರೊಕ್ಕ ಇಲ್ಲ ಬ್ಯಾಂಕ್ ಸಾಲ ಬೇಕು. ಜೋರು ಗಾಳಿಗೆ ಹಾರಿ ಹೋಗಬಾರ್ದಂತ ಕಲ್ಲು ಹೇರಿಟ್ಟ ತಗಡಿನ ಮ್ಯಾಲ ಪ್ಯಾನಲ್ ಎಲ್ಲಿ ಕುಂದ್ರಸ್ತೀರಿ?

ಈ ತಗಡಿನ ಬಗ್ಗಿ ಯಾರೂ ಮಾತಾಡಂಗಿಲ್ಲ, ನನಗ ಅದೇ ಭಾಳ ಬ್ಯಾಸರ. ಮಧ್ಯಾಹ್ನ ಎರಡಕ್ಕ ತಗಡಿನ ಮನ್ಯಾಗ ಫ್ಯಾನ್ ಹಚ್ಚಿದ್ರ ಅದು ಮ್ಯಾಲಿನ ಕಾದ ಗಾಳೀನ ಕೆಳಗ ತಳ್ತೈತಿ, ಅಷ್ಟೇ. ಮೋಟರೂ ಆ ಸೆಕ್ಯಾಗೇ ನೇತಾಡ್ತಿರ್ತೈತಿ, ವೋಲ್ಟೇಜ್ ಬ್ಯಾರೆ ಬಿದ್ದಿರ್ತೈತಿ, ಸುಡದ ಏನ್ ಮಾಡ್ತೈತಿ. ನಮ್ಮ ಹಿರಿಯರ ಮಾಳಗಿ ಮನ್ಯಾಗ ಇದು ಇರಲಿಲ್ಲ, ಮ್ಯಾಲ ಗೇಣುದ್ದ ಮಣ್ಣು, ಗ್ವಾಡಿ ಮೊಳಕ್ಕಿಂತ ದಪ್ಪ, ಹೊರಗ ಬೆಂಕಿ ಸುರಿದ್ರೂ ಒಳಗ ತಂಪು. ಅಂಥವು ಬಿದ್ದು ಹೋದ್ವು, ಮತ್ತ ಕಟ್ಟಾಕ ತೊಲಿ ಇಲ್ಲ, ಆ ಕೆಲಸ ಬಲ್ಲವರಿಲ್ಲ, ತಗಡು ಬಂತು. ಕೆಲವ್ರು ಹಸಿ ಗೋಣಿಚೀಲ ಹಾಸ್ತಾರ, ಕೆಲವ್ರು ತೊಗರಿ ಕಟ್ಟಿಗಿ, ಸೊಪ್ಪಿ ಹೊದಸ್ತಾರ, ಒಂದು ಕಿಡಿ ಬಿದ್ರ ಮನೀನೇ ಹೋತು. ಬಿಳೀ ಸುಣ್ಣ ಇಲ್ಲಾಂದ್ರ ಬಿಸಿಲು ವಾಪಸ್ ಹೊಡಿಯೋ ಬಿಳೀ ಪೇಂಟ್ ಬಳದ್ರೂ ಒಳಗ ಎರಡು ಮೂರು ಡಿಗ್ರಿ ಇಳೀತೈತಿ. ಬಾಜೂಕಿನ ತೆಲಂಗಾಣದವ್ರು 2023ರ ಏಪ್ರಿಲ್‌ದಾಗ ಕೂಲ್ ರೂಫ್ ಅಂತ ಐದು ವರ್ಷದ ನೀತೀನೇ ತಂದ್ರು. ಕೃಷ್ಣಾ ದಾಟಿದ್ರ ಅವ್ರ ಊರು, ಅದೇ ಬಿಸಿಲು.

ನಮ್ಮ ಸೋದರಳಿಯ ಒಬ್ಬ ಅಮೆರಿಕಾದಾಗ ಅದಾನ. ಫೋನಿನ್ಯಾಗ ಇದೆಲ್ಲಾ ಹೇಳ್ತಿದ್ರ ಅಂವ, ಮಾವಾ ಇಲ್ಲಿ ಅಂಥದ್ದೊಂದು ಯೋಜನಾ 1976ರಿಂದ ಐತಿ ಅಂದ. ವೆದರೈಸೇಶನ್ ಅಂತ ಅದರ ಹೆಸರು. ಅಲ್ಲಿ ಸರಕಾರ ಗೊತ್ತು ಮಾಡಿದ ಬಡತನದ ಗೆರಿಗೆ ಎರಡು ಪಟ್ಟು ಆದಾಯದ ತನಕ ಇದ್ದವ್ರು ಅರ್ಹರು, ವಯಸ್ಸಾದವ್ರು, ಅಂಗವಿಕಲರು, ಸಣ್ಣ ಮಕ್ಕಳಿರೋ ಮನಿಗೆ ಮೊದ್ಲು. ಬಾಡಿಗಿ ಮನಿಗೂ ಮಾಡ್ತಾರ, ಮಾಲಕರ ಒಪ್ಪಿಗಿ ಬೇಕು, ಆದ್ರ ಮನಿ ಚೊಲೋ ಆತಂತ ಮಾಲಕರು ಇಂತಿಷ್ಟು ದಿನ ಬಾಡಿಗಿ ಏರಸಂಗಿಲ್ಲ ಅಂತ ಕರಾರು. ಬಿಲ್ ಕಟ್ಟಿಕೊಡೋದಲ್ಲ, ಮೊದಲು ಬಂದು ಮನಿ ಪರೀಕ್ಷಾ ಮಾಡ್ತಾರ, ಬಾಗಿಲಿಗೆ ದೊಡ್ಡ ಫ್ಯಾನ್ ಹಚ್ಚಿ ಗಾಳಿ ಎಲ್ಲಿಂದ ಸೋರ್ತೈತಿ ಅಂತ ಅಳೀತಾರ, ಆಮ್ಯಾಲ ಸಂದಿ ಮುಚ್ಚೋದು, ಅಟ್ಟಕ್ಕ ಹೊದಿಕಿ ತುಂಬೋದು, ಹೀಟರ್ ರಿಪೇರಿ, ಎಲ್ಲಾ ಪುಕ್ಕಟೆ. ಅವ್ರದ್ದು ಚಳಿ ಕತಿ, ನಮ್ದು ಬಿಸಿಲಿಂದು, ಆದ್ರ ಮನಿ ನೋಡಿ ಮದ್ದು ಕೊಡ್ತಾರಲ್ಲ, ಅದು ನನ್ನ ಮನಸಿಗೆ ಹತ್ತಿತು.

ಅಲ್ಲೂ ಒಂದು ಕೊರತಿ ಐತಂತ. ಛಾವಣಿ ಸೋರ್ತಿದ್ರ, ವೈರಿಂಗ್ ಹಾಳಾಗಿದ್ರ, ಅದನ್ನ ಸರಿ ಮಾಡೋತನಕ ಆ ಮನಿ ಕೆಲಸ ಮುಂದಕ್ಕ ಹಾಕ್ತಾರಂತ. ಹಂಗಂದ್ರ ಭಾಳ ಕೆಟ್ಟ ಮನ್ಯಾಗ ಇರೋರೇ ಹೊರಗ ಉಳೀತಾರ. ನಮ್ಮಲ್ಲಿ ಅಂಥದ್ದೊಂದು ಬಂದ್ರ ಮೊದ್ಲು ಇದನ್ನೇ ನೋಡಬೇಕು. ತಗಡಿನ ಮನ್ಯಾಗ ನಾ ನೋಡಿದ ವೈರಿಂಗ್ ಹೇಳಿದ್ರ ಎದಿ ಝಲ್ ಅಂತೈತಿ, ಜೋಡಿಸಿದ ವಯರಿಗೆ ಪ್ಲಾಸ್ಟಿಕ್ ಚೀಲ ಸುತ್ತಿರ್ತಾರ, ಅರ್ಥಿಂಗ್ ಅನ್ನೋದೇ ಇರಂಗಿಲ್ಲ, ಮಳ್ಯಾಗ ತಗಡಿಗೇ ಕರೆಂಟ್ ಇಳೀತೈತಿ. ಅಂಥ ಮನಿಗೆ ಹೊಸ ಫ್ಯಾನ್ ಕೊಟ್ಟು ಫೋಟೋ ತಕ್ಕೊಂಡು ಹೋದ್ರ ಏನ್ ಬಂತು? ಮೊದ್ಲು ಅರ್ಥಿಂಗ್, ಶಾಕ್ ಹೊಡದ್ರ ಬೀಳೋ ಸ್ವಿಚ್ಚು, ಆಮ್ಯಾಲ ಫ್ಯಾನು, ಆಮ್ಯಾಲ ತಗಡಿಗೆ ಬಿಳಪು.

ಮೀಟರ್ ರೀಡರ್ ತಿಂಗಳಾ ಮನಿ ಬಾಗಿಲಿಗೆ ಬಂದೇ ಬರ್ತಾರ. ಅವ್ರ ಜೋಡಿ ವರ್ಷಕ್ಕೊಮ್ಮೆ ಐಟಿಐ ಎಲೆಕ್ಟ್ರಿಷಿಯನ್ ಓದಿದ ಒಬ್ಬ ಹುಡುಗನ್ನ ಕಳಸ್ರಿ, ಛಾವಣಿ ಎಂಥಾದು, ಫ್ಯಾನ್ ಎಷ್ಟು ಹಳೇದು, ವೈರಿಂಗ್ ಹೆಂಗೈತಿ ಅಂತ ಬರ್ಕೊಂಡು ಬರ್ಲಿ. ಆದಾಯ ಸರ್ಟಿಫಿಕೇಟ್, ಜಾತಿ ಸರ್ಟಿಫಿಕೇಟ್ ಅಂತ ಅಜ್ಜಿಯಂಥವ್ರನ್ನ ನಾಡಕಚೇರಿಗೆ ಅಲೆದಾಡ್ಸೋದು ಬ್ಯಾಡ, ತಗಡಿನ ಛಾವಣಿ ಐತಂದ್ರ ಅದೇ ಸರ್ಟಿಫಿಕೇಟು. ಫ್ಯಾನು ಬಾಡಿಗಿದಾರರ ಹೆಸರಿಗೇ ಕೊಡ್ರಿ, ಮನಿ ಬಿಟ್ರ ಬಿಚ್ಕೊಂಡು ಹೋಗ್ಲಿ, ಅದಕ್ಕ ಮಾಲಕರ ಸಹಿ ಯಾಕ ಬೇಕು? ಹಳೇ ಫ್ಯಾನ್ ವಾಪಸ್ ತಗೊಂಡು ಮುರದು ಗುಜರಿಗೆ ಹಾಕ್ರಿ, ಇಲ್ಲಾಂದ್ರ ಅದು ಇನ್ನೊಂದು ತಗಡಿನ ಮನ್ಯಾಗ ನೇತಾಡ್ತೈತಿ. ವಠಾರಕ್ಕ ಪೋರ್ಷನ್ನಿಗೊಂದು ಮೀಟರ್ ಹಾಕ್ಸೋ ಖರ್ಚನ್ನ ಯೋಜನಾದಾಗೇ ಸೇರಸ್ರಿ.

ಹೊಸ ಫ್ಯಾನ್ ಬಂದ್ರ ನಿನ್ನ ಅಂಗಡಿ ಗತಿ ಏನೋ ಅಂತ ದೋಸ್ತರು ಕೇಳ್ತಾರ. ವೈಂಡಿಂಗ್ ಕಡಿಮಿ ಆಗ್ತೈತಿ, ಹೌದು. ಆದ್ರ ಆ ಫ್ಯಾನಿನ್ಯಾಗೂ ಬೋರ್ಡ್ ಇರ್ತೈತಿ, ನಮ್ಮೂರ ವೋಲ್ಟೇಜಿಗೆ ಅದೂ ಸುಡ್ತೈತಿ, ಸುಟ್ರ ಫ್ಯಾನ್ ಪೂರ್ತಿ ಮೂಲಿಗೆ ಹೋಗ್ತೈತಿ ಯಾಕಂದ್ರ ರಿಪೇರಿ ಬಲ್ಲವ್ರು ಇಲ್ಲ. ನಮ್ಮಂಥ ಅಂಗಡಿಯವ್ರಿಗೆ ಹತ್ತು ದಿನ ಆ ಬೋರ್ಡಿನ ಕೆಲಸ ಕಲಿಸ್ರಿ, ಬಿಡಿ ಸಾಮಾನು ಸಿಗೋಹಂಗ ಮಾಡ್ರಿ, ನಾವು ಕಲಿತೀವಿ. ನಾ ಈಗಾಗ್ಲೇ ಎರಡು ಬಿಚ್ಚಿ ನೋಡೀನಿ.

ಶಕ್ತಿನಗರದ ಕರೆಂಟ್ ಕಾರ್ಖಾನಿ ಚಿಮಣಿ 1985ರಿಂದ ಹೊಗಿ ಉಗುಳ್ಳಾಕ್ಹತ್ತೈತಿ, 1,720 ಮೆಗಾವ್ಯಾಟ್. ಯರಮರಸ್‌ದಾಗ 1,600, ಅತ್ಲಾಗ ಬಳ್ಳಾರಿ ಕುಡತಿನ್ಯಾಗ 1,700. ರಾಜ್ಯಕ್ಕ ಬೆಳಕು ಕೊಡೋ ಕಲ್ಲಿದ್ದಲು ಇಲ್ಲಿ ಸುಡ್ತೈತಿ, ಬೂದಿ ನಮ್ಮ ಹೊಲದ ಮ್ಯಾಲ ಬೀಳ್ತೈತಿ. ಈ ಎರಡು ಜಿಲ್ಲಾದ ತಗಡಿನ ಮನಿಗುಳಿಂದ ಇಂಥಾದ್ದೊಂದು ಶುರು ಮಾಡ್ರಿ ಅಂತ ಕೇಳೋದು ಭಿಕ್ಷಾ ಅಲ್ಲ.

ಅಜ್ಜಿ ಫ್ಯಾನಿಗೆ ಇವತ್ತು ಹೊಸ ತಂತಿ ಸುತ್ತಿ ಮುಗಿಸೀನಿ, ವಾರ್ನಿಷ್ ಒಣಗಾಕ ಬಿಸಿಲಿಗೆ ಇಟ್ಟೀನಿ. ಡಬ್ಬಿ ರೆಗ್ಯುಲೇಟರ್ ತಗದು ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ನಾನೇ ಹೋಗಿ ಕುಂದ್ರಿಸಿ ಬರ್ತೀನಿ. ಐತವಾರ ನಮ್ಮ ಅಂಗಡಿ ಹುಡುಗ್ರು ಇಬ್ರು ಆಕಿ ಮನಿ ತಗಡಿಗೆ ಸುಣ್ಣ ಬಳೀತೀವಿ ಅಂದಾರ, ಎರಡು ಚೀಲ ಸುಣ್ಣ ತಂದಿಟ್ಟೀನಿ, ಉದ್ದನ್ನ ಏಣಿ ಒಂದು ಬೇಕು. ಯಾರ ಹತ್ರನಾದ್ರೂ ಇದ್ರ ಶನಿವಾರ ಸಂಜಿ ಒಳಗ ಅಂಗಡಿಗೆ ತಂದು ಕೊಡ್ರಿ, ಐತವಾರ ಸಂಜಿಗೆ ವಾಪಸ್ ಮುಟ್ಟಸ್ತೀನಿ.