ಮರ್ಥರ್‌ನ ಹಳೇ ಫಲಿತಾಂಶ, ನಮ್ಮ ಬಾರದ ಚುನಾವಣೆ

1976ರ ಮೇ ತಿಂಗಳಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಮರ್ಥರ್ ಟಿಡ್‌ಫಿಲ್ ಬರೋ ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಲೇಬರ್ ಪಕ್ಷ ಸೋತಿತು. ಬರೀ ಇಷ್ಟು ಹೇಳಿದರೆ ನಮ್ಮವರಿಗೆ ಏನೂ ಅನಿಸುವುದಿಲ್ಲ. ಯಾವುದೋ ಊರು, ಯಾವುದೋ ಕೌನ್ಸಿಲ್. ಆದರೆ ಇದು ಎಂಥ ಊರು ಅಂತ ತಿಳಿದರೆ ಆ ಸೋಲು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

1801ರಲ್ಲಿ ವೇಲ್ಸಿನ ಅತಿ ದೊಡ್ಡ ಪಟ್ಟಣ ಇದೇ. ಡೌಲೈಸ್, ಕವಾರ್ಥ್ವಾ ಕುಲುಮೆಗಳ ಕಬ್ಬಿಣ ಇಲ್ಲಿಂದ ಊರೂರಿಗೆ ಹೋಗುತ್ತಿತ್ತು. 1831ರಲ್ಲಿ ಕೂಲಿ ಕಡಿತ ಮತ್ತು ಸಾಲದ ಜಪ್ತಿ ವಿರುದ್ಧ ಇಲ್ಲಿನ ಕಾರ್ಮಿಕರು ದಂಗೆ ಎದ್ದು ಕೆಂಪು ಬಾವುಟ ಎತ್ತಿದರು. 1900ರಲ್ಲಿ ಕೀರ್ ಹಾರ್ಡಿಯನ್ನು ಪಾರ್ಲಿಮೆಂಟಿಗೆ ಕಳಿಸಿದ್ದು ಈ ಕ್ಷೇತ್ರ. ಮುಂದೆ ಪಾರ್ಲಿಮೆಂಟಿನಲ್ಲಿ ಲೇಬರ್ ಪಕ್ಷದ ಮೊದಲ ನಾಯಕ ಆದದ್ದು ಅವರೇ. ಈ ಕಣಿವೆಗಳಲ್ಲಿ ಒಂದು ಮಾತಿದೆ: ಕತ್ತೆಗೆ ಲೇಬರ್ ಬಿಲ್ಲೆ ಕಟ್ಟಿ ನಿಲ್ಲಿಸಿದರೂ ಗೆಲ್ಲುತ್ತದೆ. ನಮ್ಮಲ್ಲೂ ಇದೇ ಕತ್ತೆ ಎಷ್ಟೋ ಚುನಾವಣೆಯಲ್ಲಿ ನಿಂತಿದೆ, ಅಲ್ವಾ?

ಅಂಥ ಊರಿನಲ್ಲಿ 1976ರಲ್ಲಿ ಬಹುಮತ ಬಂದದ್ದು ಪ್ಲೈಡ್ ಕಮ್ರಿಗೆ. ಅದು ವೇಲ್ಸಿನ ಪ್ರಾದೇಶಿಕ ಪಕ್ಷ. ವೆಲ್ಷ್ ಭಾಷೆ, ಸ್ವಂತ ಆಡಳಿತ ಅಂತ ಹೋರಾಡಿಕೊಂಡು ಬಂದವರು. ಮರ್ಥರ್‌ನಲ್ಲಿ ವೆಲ್ಷ್ ಮಾತಾಡುವವರು ಆಗಲೇ ಕಡಿಮೆ. ಹಾಗಾಗಿ ಇದು ಭಾಷೆಯ ಗೆಲುವು ಅಂತ ಹೇಳಲಿಕ್ಕೆ ಬರುವುದಿಲ್ಲ.

ನಾನಿರುವುದು ಇದೇ ಊರಿನಲ್ಲಿ. ಕಾರ್ಡಿಫ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಹುಟ್ಟಿದ್ದು ತಿಪಟೂರಿನ ಕಡೆ. ಹಳೇ ಚುನಾವಣೆ ಫಲಿತಾಂಶ ಓದುವ ಚಟ ಹೇಗೆ ಹತ್ತಿತೋ ಗೊತ್ತಿಲ್ಲ. ಕೆಲವರು ಹಳೇ ಕ್ರಿಕೆಟ್ ಸ್ಕೋರ್‌ಕಾರ್ಡ್ ಓದುತ್ತಾರಲ್ಲ, ಹಾಗೆ. ಇಲ್ಲಿ ಅದಕ್ಕೆ ಅನುಕೂಲವೂ ಇದೆ. ಪ್ಲಿಮತ್ ವಿಶ್ವವಿದ್ಯಾಲಯದಲ್ಲಿ ಕಾಲಿನ್ ರಾಲಿಂಗ್ಸ್ ಮತ್ತು ಮೈಕೆಲ್ ತ್ರಾಶರ್ ಅನ್ನುವ ಇಬ್ಬರು ಪ್ರಾಧ್ಯಾಪಕರು 1973ರಿಂದ ಈಚಿನ ಕೌನ್ಸಿಲ್ ಫಲಿತಾಂಶಗಳನ್ನು ವಾರ್ಡು ವಾರ್ಡು ಲೆಕ್ಕದಲ್ಲಿ ಒಟ್ಟು ಮಾಡಿಟ್ಟಿದ್ದಾರೆ. ಐವತ್ತು ವರ್ಷದ ಹಿಂದೆ ಒಂದು ಗಣಿ ಹಳ್ಳಿಯಲ್ಲಿ ಯಾರು ಎಷ್ಟು ಮತದಿಂದ ಸೋತರು ಅಂತ ಕೂತಲ್ಲೇ ನೋಡಬಹುದು. 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ನಮ್ಮ ತಾಲೂಕಿನ ಕಡೆ ಯಾರು ಎಷ್ಟು ಮತ ಪಡೆದರು ಅಂತ ಹುಡುಕಿದೆ. ಸಿಗಲಿಲ್ಲ.

ಲೆಕ್ಕ 1973ರಿಂದ ಶುರುವಾಗುವುದಕ್ಕೆ ಕಾರಣ ಇದೆ. 1972ರಲ್ಲಿ ಬಂದ ಕಾನೂನು ವೇಲ್ಸನ್ನು ಮೇಲಿನ ಹಂತದಲ್ಲಿ 8 ಕೌಂಟಿ, ಅದರ ಕೆಳಗೆ 37 ಡಿಸ್ಟ್ರಿಕ್ಟ್ ಅಂತ ಹೊಸದಾಗಿ ಹಂಚಿತು. ಮರ್ಥರ್ ಅದರಲ್ಲೊಂದು ಡಿಸ್ಟ್ರಿಕ್ಟ್ ಆಯಿತು. ಶಾಲೆ, ದೊಡ್ಡ ರಸ್ತೆ, ವೃದ್ಧರ ಆರೈಕೆ ಕೌಂಟಿಗೆ. ಮನೆ, ಕಸ ಡಿಸ್ಟ್ರಿಕ್ಟಿಗೆ. ಈ ‘ಮನೆ’ ಅನ್ನುವುದನ್ನು ಹಗುರವಾಗಿ ತಗೋಬೇಡಿ. ಆಗ ಈ ಕಡೆಯ ಎಷ್ಟೋ ಜನ ಇದ್ದದ್ದು ಕೌನ್ಸಿಲ್ ಕಟ್ಟಿದ ಬಾಡಿಗೆ ಮನೆಗಳಲ್ಲಿ. ಬಾಡಿಗೆ ಏರಿಸುವುದು, ಸೋರುವ ಸೂರು ರಿಪೇರಿ ಮಾಡಿಸುವುದು, ಯಾರಿಗೆ ಮನೆ ಮೊದಲು ಅಂತ ನಿರ್ಧರಿಸುವುದು ಎಲ್ಲ ಕೌನ್ಸಿಲರ್‌ಗಳ ಕೈಲಿ. ಒಂದೇ ಪಕ್ಷ ಹತ್ತಾರು ವರ್ಷ ಕೂತಿದ್ದರೆ ಜನಕ್ಕೆ ಸಿಟ್ಟು ಯಾವ ಕಡೆಯಿಂದ ಬರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಆದರೆ ಮರ್ಥರ್‌ನ ಸಿಟ್ಟಿಗೆ ಇನ್ನೂ ಹಳೆಯ ಬೇರು ಇದೆ. 1966ರ ಅಕ್ಟೋಬರ್ 21ರಂದು ಇದೇ ಕಣಿವೆಯ ಅಬರ್‌ವಾನ್ ಹಳ್ಳಿಯ ಮೇಲೆ ಕಲ್ಲಿದ್ದಲ ಗಣಿಯ ತ್ಯಾಜ್ಯದ ಗುಡ್ಡ ಕುಸಿದು ಶಾಲೆಯನ್ನು ಮುಚ್ಚಿಬಿಟ್ಟಿತು. ಸತ್ತವರು 144 ಜನ. ಅದರಲ್ಲಿ 116 ಮಕ್ಕಳು. ಲೋಕವೆಲ್ಲ ಪರಿಹಾರ ನಿಧಿಗೆ ಹಣ ಕಳಿಸಿತು. ಉಳಿದ ಗುಡ್ಡಗಳನ್ನು ತೆಗೆಸಬೇಕು ಅಂತ ಊರವರು ಕೇಳಿದಾಗ ಆಗಿನ ಲೇಬರ್ ಸರ್ಕಾರ ಅದರ ಖರ್ಚಿಗೆ ಅದೇ ನಿಧಿಯಿಂದ 1,50,000 ಪೌಂಡ್ ಕಿತ್ತುಕೊಂಡಿತು. ಗುಡ್ಡ ಸುರಿದದ್ದು ಸರ್ಕಾರಿ ಸ್ವಾಮ್ಯದ ಕಲ್ಲಿದ್ದಲು ಮಂಡಳಿ. ದುಡ್ಡು ಹೋದದ್ದು ಮಕ್ಕಳನ್ನು ಕಳಕೊಂಡವರಿಗೆಂದು ಬಂದ ನಿಧಿಯಿಂದ. 1997ರಲ್ಲಿ ವಾಪಸ್ ಕೊಟ್ಟರು, ಅದೂ ಬಡ್ಡಿ ಇಲ್ಲದೆ.

ಇದರ ಮೇಲೆ 1970. ಎಸ್. ಓ. ಡೇವಿಸ್ ಅನ್ನುವವರು 1934ರಿಂದ ಮರ್ಥರ್‌ನ ಎಂಪಿ. ವಯಸ್ಸು 80 ದಾಟಿತ್ತು. ವಯಸ್ಸಾಯಿತು ಅಂತ ಪಕ್ಷ ಟಿಕೆಟ್ ತಪ್ಪಿಸಿತು. ಮುದುಕ ಬಿಡಲಿಲ್ಲ. ಪಕ್ಷದ ವಿರುದ್ಧವೇ ನಿಂತು ಏಳು ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಲೇಬರ್ ಚಿಹ್ನೆ ಇಲ್ಲದೆಯೂ ಗೆಲ್ಲಬಹುದು ಅಂತ ಊರಿಗೆ ಕಣ್ಣಾರೆ ಕಂಡಿತು. ಅವರು ತೀರಿಕೊಂಡ ಮೇಲೆ 1972ರಲ್ಲಿ ಉಪಚುನಾವಣೆ. ಲೇಬರ್‌ನ ಟೆಡ್ ರೋಲಂಡ್ಸ್ ಗೆದ್ದರು, ಆದರೆ ಪ್ಲೈಡ್‌ನ ಎಮ್ರಿಸ್ ರಾಬರ್ಟ್ಸ್ ನಾಲ್ಕು ಸಾವಿರಕ್ಕಿಂತ ಕಡಿಮೆ ಅಂತರಕ್ಕೆ ತಂದು ನಿಲ್ಲಿಸಿದ್ದರು. ಹೀಗೆ ನೋಡಿದರೆ 1976 ದಿಢೀರ್ ಅಂತ ಬಂದದ್ದಲ್ಲ. ಹತ್ತು ವರ್ಷದಿಂದ ಬರುತ್ತಾ ಇತ್ತು.

ಒಂದು ತಾಂತ್ರಿಕ ಕಾರಣವನ್ನೂ ಸೇರಿಸಬೇಕು. ಇಲ್ಲಿ ಎಷ್ಟೋ ವಾರ್ಡುಗಳಲ್ಲಿ ಒಬ್ಬರಿಗಿಂತ ಹೆಚ್ಚು ಕೌನ್ಸಿಲರ್. ಮೂರು ಸ್ಥಾನ ಇದ್ದರೆ ಮತದಾರನಿಗೆ ಮೂರು ಮತ. ಜನ ಸಾಮಾನ್ಯವಾಗಿ ಮೂರನ್ನೂ ಒಂದೇ ಪಕ್ಷಕ್ಕೆ ಹಾಕುತ್ತಾರೆ. ಸ್ವಲ್ಪ ಗಾಳಿ ಬದಲಾದರೂ ಇಡೀ ವಾರ್ಡ್ ಗುಡಿಸಿಕೊಂಡು ಹೋಗುತ್ತದೆ. ಲೇಬರ್‌ಗೆ ವರ್ಷಗಟ್ಟಲೆ ಲಾಭ ತಂದ ಪದ್ಧತಿ ಒಂದು ಸಲ ಅವರಿಗೇ ತಿರುಗುಬಾಣ ಆಯಿತು.

ಮೂರು ವರ್ಷ ಕಳೆಯಿತು. 1979ರ ಮೇ 3. ಅದೇ ದಿನ ಪಾರ್ಲಿಮೆಂಟ್ ಚುನಾವಣೆಯೂ ಇತ್ತು. ದೇಶಕ್ಕೆ ಮಾರ್ಗರೆಟ್ ಥ್ಯಾಚರ್ ಬಂದರು. ಮರ್ಥರ್ ಕೌನ್ಸಿಲ್‌ಗೆ ಲೇಬರ್ ವಾಪಸ್ ಬಂತು. ಅದಕ್ಕೆ ಎರಡು ತಿಂಗಳ ಮುಂಚೆ ವೇಲ್ಸಿಗೆ ಸ್ವಂತ ಚುನಾಯಿತ ಸಭೆ ಬೇಕೇ ಅನ್ನುವ ಜನಮತದಲ್ಲಿ ಒಬ್ಬರು ಹೌದು ಅಂದರೆ ನಾಲ್ವರು ಬೇಡ ಅಂದಿದ್ದರು. ಪ್ಲೈಡ್‌ಗೆ ಅದು ಕೆಟ್ಟ ವರ್ಷ.

ಮುಂದಿನ ಚುನಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. 1983, 1987, 1991. ಡಿಸ್ಟ್ರಿಕ್ಟ್‌ಗಳ ಕಾಲ ಅಲ್ಲಿಗೆ ಮುಗಿಯಿತು. 1996ರಿಂದ ವೇಲ್ಸಿನಲ್ಲಿ ಒಂದೇ ಹಂತದ 22 ಕೌನ್ಸಿಲ್‌ಗಳು. ಮರ್ಥರ್ ಅದರಲ್ಲಿ ಜನಸಂಖ್ಯೆಯಲ್ಲಿ ಅತಿ ಚಿಕ್ಕದು, 60,000ಕ್ಕೂ ಕಡಿಮೆ. 1999ರಲ್ಲಿ ಪಕ್ಕದ ರೊಂಡಾ ಕನನ್ ಟಾಫ್ ಮತ್ತು ಕೆರ್ಫಿಲಿ ಎರಡನ್ನೂ ಪ್ಲೈಡ್ ಕಿತ್ತುಕೊಂಡಿತು. 2004ರಲ್ಲಿ ಎರಡನ್ನೂ ಕಳಕೊಂಡಿತು. ಮರ್ಥರ್‌ನಲ್ಲಿ 2008ರಲ್ಲಿ ಲೇಬರ್ ಹೋಯಿತು, 2012ರಲ್ಲಿ ಬಂತು, 2017ರಲ್ಲಿ ಮತ್ತೆ ಹೋಯಿತು. ಆ ಸಲ ಕವಾರ್ಥ್ವಾ ವಾರ್ಡಿನಲ್ಲಿ ಒಬ್ಬ ಅಭ್ಯರ್ಥಿ ತೀರಿಕೊಂಡದ್ದರಿಂದ ಅಲ್ಲಿನ ಮೂರು ಸ್ಥಾನಕ್ಕೆ ಮತದಾನ ಮುಂದಕ್ಕೆ ಹೋಯಿತು. ಉಳಿದ 30ರಲ್ಲಿ ಲೇಬರ್ ಮತ್ತು ಪಕ್ಷೇತರರು ಸಮಸಮ. ಜೂನ್ 8ರಂದು ಆ ಮೂರನ್ನೂ ಪಕ್ಷೇತರರೇ ಗೆದ್ದರು. 18ಕ್ಕೆ 15. ಒಂದು ವಾರ್ಡ್ ಇಡೀ ಊರಿನ ಆಡಳಿತ ತೀರ್ಮಾನಿಸಿತು. ತಿಂಗಳು ಪೂರ್ತಿ ಊರು ಕಾದದ್ದು ನೋಡಲು ಮಜವಾಗಿತ್ತು.

ಇಲ್ಲಿಯ ಪ್ರಜಾಪ್ರಭುತ್ವ ಶ್ರೇಷ್ಠ, ನಮ್ಮದು ಕಳಪೆ ಅಂತ ಹೇಳಲಿಕ್ಕೆ ನಾನು ಕೂತಿಲ್ಲ. ಹೊರನಾಡಿಗೆ ಬಂದವರಿಗೆ ಆ ರೋಗ ಬೇಗ ಅಂಟುತ್ತದೆ. ಇಲ್ಲಿ ಕೌನ್ಸಿಲ್ ಚುನಾವಣೆಗೆ ನೂರಕ್ಕೆ ನಲವತ್ತರ ಆಸುಪಾಸು ಜನ ಮತ ಹಾಕಿದರೆ ಸಮಾಧಾನ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ದಿನದ ಸಾಲು ನೋಡಿದವರಿಗೆ ಇಲ್ಲಿನ ಮತಗಟ್ಟೆ ರಜಾ ದಿನದ ಅಂಚೆ ಕಚೇರಿ ಅನಿಸುತ್ತದೆ. ಹಳ್ಳಿಗಾಡಿಗೆ ಹೋದರೆ ಇನ್ನೂ ಕಷ್ಟ. ಗ್ವಿನೆದ್ ಕೌನ್ಸಿಲ್‌ನಲ್ಲಿ 2022ರಲ್ಲಿ 69 ಸ್ಥಾನದಲ್ಲಿ 28ಕ್ಕೆ ಅವಿರೋಧ ಆಯ್ಕೆ. ಪೊವಿಸ್‌ನ ಅಸ್ಕಿರ್ ವಾರ್ಡಿನಲ್ಲಿ 2017ರಲ್ಲಿ ಒಬ್ಬರೂ ನಾಮಪತ್ರ ಹಾಕಲಿಲ್ಲ. ಠೇವಣಿ ಕೂಡ ಕಟ್ಟಬೇಕಿಲ್ಲ, ಆದರೂ ಯಾರೂ ಇಲ್ಲ. ನಮ್ಮಲ್ಲಿ ಅವಿರೋಧ ಆಯ್ಕೆ ಅಂದರೆ ಊರು ಒಗ್ಗಟ್ಟಾಗಿದೆ ಅಂತ ಹಾರ ಹಾಕುತ್ತಾರೆ. ಒಳಗೆ ಸೀಟು ಹರಾಜಾದ ಕತೆ ಇರಬಹುದು. 2020ರ ಡಿಸೆಂಬರ್ ಚುನಾವಣೆಯಲ್ಲಿ ಕೇಳಿದೆವಲ್ಲ. ಇಲ್ಲಿ ಹರಾಜಿಲ್ಲ, ಕೊಳ್ಳುವವರೂ ಇಲ್ಲ. ಎರಡರಲ್ಲಿ ಯಾವುದು ಮೇಲು ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ನನಗೆ ಮುಖ್ಯ ಅನಿಸಿದ್ದು ಬೇರೆ. ಮರ್ಥರ್ ಜನ 1976ರಲ್ಲಿ ಲೇಬರ್‌ಗೆ ಬುದ್ಧಿ ಕಲಿಸಿದರು, 1979ರಲ್ಲಿ ಪ್ಲೈಡ್‌ಗೆ ಬುದ್ಧಿ ಕಲಿಸಿದರು. ಎರಡೂ ಸಾಧ್ಯ ಆದದ್ದು ಚುನಾವಣೆಯ ದಿನ ಬಂದದ್ದರಿಂದ. ಅವತ್ತು ಲಂಡನ್ನಿನಲ್ಲಿದ್ದದ್ದು ಲೇಬರ್ ಸರ್ಕಾರ. ಸೋಲು ಕಾಣುತ್ತಿತ್ತು. ವಾರ್ಡ್ ವಿಂಗಡಣೆ ಆಗಬೇಕು, ಈ ಸಲ ಬೇಡ ಅಂತ ಮುಂದೂಡಲಿಲ್ಲ.

ಇಲ್ಲಿ ಮುಂದೂಡುವುದೇ ಇಲ್ಲ ಅಂತಲ್ಲ. ಬೇರೆ ಚುನಾವಣೆಯ ಜೊತೆ ಬೀಳದಿರಲಿ ಅಂತ 2003ರದ್ದನ್ನು 2004ಕ್ಕೆ, 2016ರದ್ದನ್ನು 2017ಕ್ಕೆ ಹಾಕಿದರು. ಆಂಗ್ಲ್‌ಸೀ ದ್ವೀಪದ ಕತೆ ಇನ್ನೂ ದೊಡ್ಡದು. ಅಲ್ಲಿನ ಕೌನ್ಸಿಲರ್‌ಗಳ ಒಳಜಗಳ ಎಷ್ಟು ಹದಗೆಟ್ಟಿತೆಂದರೆ 2011ರಲ್ಲಿ ವೇಲ್ಸ್ ಸರ್ಕಾರ ಅಧಿಕಾರ ಕಸಿದು ಕಮಿಷನರ್‌ಗಳನ್ನು ಕೂರಿಸಿತು. 2012ರ ಚುನಾವಣೆ ಮುಂದಕ್ಕೆ ಹೋಯಿತು. 40 ವಾರ್ಡ್ ಕಲೆಸಿ 11 ದೊಡ್ಡ ವಾರ್ಡ್ ಮಾಡಿದರು. ಗಡಿ ಬದಲು, ಸ್ಥಾನದ ಸಂಖ್ಯೆ ಬದಲು, ಎಲ್ಲ ಮುಗಿಸಿ 2013ರ ಮೇನಲ್ಲಿ ಮತ ಹಾಕಿಸಿದರು. ತಡ ಆದದ್ದು ಒಂದು ವರ್ಷ.

ಈಗ ನಮ್ಮದು. ಬೆಂಗಳೂರಿನಲ್ಲಿ ಬಿಬಿಎಂಪಿಗೆ ಕೊನೆಯ ಚುನಾವಣೆ 2015ರ ಆಗಸ್ಟ್. ಅವಧಿ ಮುಗಿದದ್ದು 2020ರ ಸೆಪ್ಟೆಂಬರ್. ವಾರ್ಡ್ 198 ಅಂದರು, 243 ಅಂದರು, 225 ಅಂದರು. 2025ರಲ್ಲಿ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು. ಅಷ್ಟೂ ವರ್ಷ ಕೌನ್ಸಿಲರ್ ಇಲ್ಲ. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗೆ ಜನ ಮತ ಹಾಕಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. 2025 ಕಳೆದರೂ ಅಲ್ಲಿ ಅಧಿಕಾರಿಗಳದ್ದೇ ಆಡಳಿತ. ಮೂರು ಪಕ್ಷದವರೂ ಈ ವಿಷಯದಲ್ಲಿ ಅಣ್ಣತಮ್ಮಂದಿರು. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ನಾಳಿನ ಎಮ್ಮೆಲ್ಲೆ ಟಿಕೆಟ್ ಆಕಾಂಕ್ಷಿ. ಅವನು ಹುಟ್ಟದೇ ಇದ್ದರೆ ಇಂದಿನ ಎಮ್ಮೆಲ್ಲೆಗೆ ನೆಮ್ಮದಿ.

ಹೊಟ್ಟೆ ಉರಿಯುವುದು ಯಾಕೆಂದರೆ ಈ ಕೆಲಸದಲ್ಲಿ ನಾವು ಮುಂದಿದ್ದವರು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಮುಂಚೆಯೇ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಸಚಿವ ಅಬ್ದುಲ್ ನಜೀರ್ ಸಾಬ್ ಸೇರಿ 1983ರ ಪಂಚಾಯಿತಿ ಕಾಯ್ದೆ ತಂದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ ಚುನಾವಣೆ ಆಯಿತು. ಹೆಂಗಸರಿಗೆ ಕಾಲು ಭಾಗ ಮೀಸಲು ಇಟ್ಟರು. ಈಗ ಅದು ಅರ್ಧ. ವೇಲ್ಸಿನಲ್ಲಿ ಮೀಸಲಾತಿಯೇ ಇಲ್ಲ. 2017ರಲ್ಲಿ ಗೆದ್ದ ಕೌನ್ಸಿಲರ್‌ಗಳಲ್ಲಿ ಹೆಂಗಸರು ಮೂರನೇ ಒಂದು ಪಾಲಿಗಿಂತ ಕಡಿಮೆ. ಈ ಲೆಕ್ಕ ಹೇಳಿದಾಗ ಇಲ್ಲಿನ ಗೆಳೆಯರು ನಂಬುವುದಿಲ್ಲ.

ಇದಕ್ಕೆ ಒಂದು ವಿಚಿತ್ರ ಸೇರಿಸುತ್ತೇನೆ. ನನ್ನದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ಪ್ರಜೆ ಅನ್ನುವ ಲೆಕ್ಕದಲ್ಲಿ ಇಲ್ಲಿ ವಾಸ ಇರುವ ನನಗೆ ಕೌನ್ಸಿಲ್ ಚುನಾವಣೆಯಲ್ಲಿ ಮತ ಇದೆ. ಇಲ್ಲಿ 16 ತುಂಬಿದ ಮಕ್ಕಳಿಗೂ ಇದೆ. ಅಂದರೆ ಹೊರದೇಶದವನಾದ ನಾನು ಮರ್ಥರ್‌ನ ಬೀದಿದೀಪದ ಬಗ್ಗೆ ಮತ ಹಾಕಬಹುದು. ತಿಪಟೂರಿನಲ್ಲಿರುವ ನಮ್ಮಣ್ಣ ಜಿಲ್ಲಾ ಪಂಚಾಯಿತಿಗೆ ಮತ ಹಾಕಿ ಎಷ್ಟೋ ವರ್ಷ ಆಯಿತು.

ಮುಂದೂಡಲು ನಮ್ಮಲ್ಲಿ ಕೊಡುವ ಕಾರಣ ಯಾವುದು? ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ. ನಾವು ಹೆಮ್ಮೆ ಪಡುವ ಮೀಸಲಾತಿಯನ್ನೇ ನೆಪ ಮಾಡಿಕೊಂಡರು. ಮೀಸಲಾತಿ ಇರುವುದು ಹಿಂದುಳಿದವರು, ಹೆಂಗಸರು ಗೆದ್ದು ಕೂರಲಿ ಅಂತ. ಚುನಾವಣೆಯೇ ಇಲ್ಲದಿದ್ದರೆ ಕೂರುವುದು ಎಲ್ಲಿ? ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಇದೆ. 2022ರ ಮೇನಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ವಿಂಗಡಣೆ ಮುಗಿದಿಲ್ಲ ಅಂತಲೋ, ಹಿಂದುಳಿದ ವರ್ಗದ ಮೀಸಲಾತಿಗೆ ಬೇಕಾದ ಅಂಕಿಅಂಶ ಸಿದ್ಧವಿಲ್ಲ ಅಂತಲೋ ಕಾಯಬೇಡಿ, ಇದ್ದ ವಾರ್ಡುಗಳಲ್ಲೇ ಚುನಾವಣೆ ಮಾಡಿ ಅಂತ. ಇದು ಎಲ್ಲ ರಾಜ್ಯಕ್ಕೂ ಅನ್ವಯ ಅಂತಲೂ ಹೇಳಿತು. ಆಗ ಕರ್ನಾಟಕದಲ್ಲಿ ಇದ್ದದ್ದು ಒಂದು ಸರ್ಕಾರ, ಮರುವರ್ಷ ಬಂದದ್ದು ಇನ್ನೊಂದು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಯಾವಾಗ ಅಂತ ಕೇಳಿದವರು ಅಧಿಕಾರಕ್ಕೆ ಬಂದ ಮೇಲೆ ಅದೇ ವಿಂಗಡಣೆ, ಅದೇ ಪಟ್ಟಿಯ ಮಾತಾಡಿದರು.